ಬಂದ ಮಗುವಿನ ರೋಗ, ಇದ್ದವರ ಧರ್ಮ

ರೋಗವನ್ನು ಮರೆಮಾಚುವುದೂ ಒಂದು ಬಗೆಯ ಅಸತ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ನಿಜವನ್ನು ನುಡಿದರೆ ನಿಂತ ನೆಲೆಯೇ ತಪ್ಪೀತೆಂಬ ಭಯದಿಂದ ಪರದೇಶದಲ್ಲಿ ತಾಯಿಯೊಬ್ಬಳು ತನ್ನ ಮಗುವಿನ ಕೆಮ್ಮನ್ನು ಮುಚ್ಚಿಟ್ಟಳೆಂದರೆ, ಆ ದೋಷವು ಆಕೆಯೊಬ್ಬಳದೇ ಆಗುವುದೆ? ವಲಸೆ ಬಂದ ಮಕ್ಕಳ ಕ್ಷಯರೋಗವನ್ನು ಕುರಿತು ವಿಚಾರಮಾಡುವಾಗ ಈ ಪ್ರಶ್ನೆಯೇ ಮೊದಲು ಎದುರಾಗುತ್ತದೆ.

ಕ್ಷಯವು ಪಾಪದ ಫಲವೂ ಅಲ್ಲ, ವಂಶದ ಕಳಂಕವೂ ಅಲ್ಲ. 1882ನೆಯ ಇಸವಿ ಮಾರ್ಚ್ 24ರಂದು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ಇದಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಬರ್ಲಿನ್ನಿನ ವಿದ್ವಾಂಸರ ಮುಂದೆ ಪ್ರಕಟಪಡಿಸಿದನು. ರೋಗಿಯು ಕೆಮ್ಮಿದಾಗ ಗಾಳಿಯಲ್ಲಿ ಬೆರೆತ ಈ ಅಣುವು ಮತ್ತೊಬ್ಬರ ಶ್ವಾಸದೊಡನೆ ಒಳಹೊಗುತ್ತದೆ. ಹೊಕ್ಕ ಮಾತ್ರಕ್ಕೆ ಎಲ್ಲರೂ ರೋಗಿಗಳಾಗುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಅದು ವರುಷಗಟ್ಟಲೆ ಸುಪ್ತವಾಗಿ ಇರಬಹುದು. ಆದರೆ 5 ವರ್ಷದೊಳಗಿನ ಶಿಶುಗಳಲ್ಲಿ ಆ ಕೆಂಡವು ಬೇಗನೆ ಹೊತ್ತಿಕೊಂಡು ಮೆದುಳಿನ ಪೊರೆಯವರೆಗೂ ಹಬ್ಬಬಲ್ಲದು. ಇನ್ನೊಂದು ವಿಶೇಷವುಂಟು. ಎಳೆಯ ಮಕ್ಕಳು ಈ ರೋಗವನ್ನು ಇತರರಿಗೆ ಹರಡುವುದು ವಿರಳ. ಮನೆಯ ಹಿರಿಯರಿಂದ ಅವರು ಅದನ್ನು ಪಡೆಯುವುದೇ ಹೆಚ್ಚು. ಆದುದರಿಂದ ಮಗುವನ್ನೇ ಅಪಾಯದ ಮೂಲವೆಂದು ಭಾವಿಸುವುದು ವಿಪರೀತ ಜ್ಞಾನವೇ ಸರಿ.

ಅಮೆರಿಕದ 1907ರ ವಲಸೆ ಶಾಸನವು ಕ್ಷಯರೋಗಿಗಳನ್ನು ಪ್ರವೇಶವಿಲ್ಲದವರ ಪಟ್ಟಿಗೆ ಸೇರಿಸಿತು. ಆಗ ರೋಗಕ್ಕೆ ತಕ್ಕ ಮದ್ದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಇಂದು ಅದೇ ದೇಶವು, ಕ್ಷಯ ಹೆಚ್ಚಾಗಿರುವ ನಾಡುಗಳಿಂದ ನೆಲಸಲು ಬರುವ 2ರಿಂದ 14 ವರ್ಷದ ಮಕ್ಕಳ ರಕ್ತವನ್ನು ಮುಂಚಿತವಾಗಿ ಪರೀಕ್ಷಿಸುತ್ತದೆ. ಸೋಂಕು ಸುಪ್ತವಾಗಿದ್ದಲ್ಲಿ ಅದೊಂದೇ ಕಾರಣದಿಂದ ಪ್ರವೇಶವನ್ನು ನಿರಾಕರಿಸುವುದಿಲ್ಲ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಆಶ್ರಯ ಕೊಡುವವನಿಗೂ ಮಕ್ಕಳಿಲ್ಲವೆ? ಅವರನ್ನು ಕಾಪಾಡುವುದು ಅವನ ಧರ್ಮವಲ್ಲವೆ? ಧರ್ಮವೇ ಹೌದು. ಪರೀಕ್ಷೆಯು ಬೇಡವೆಂದು ಯಾರೂ ಹೇಳಲಾರರು. ಆದರೆ ಪರೀಕ್ಷೆಯೊಂದೇ ಆದರೂ ಅದರ ಹಿಂದಿನ ಭಾವವು ಎರಡಾಗಬಹುದು: ಒಂದು ಕಾವಲು, ಮತ್ತೊಂದು ಶುಶ್ರೂಷೆ. ಭಾವವು ಯಾವುದೆಂಬುದು ರೋಗವು ಕಂಡ ಮೇಲಣ ನಡೆಯಿಂದ ತಿಳಿಯುತ್ತದೆ. ಕಂಡೊಡನೆ ಕಳಂಕ ಹಚ್ಚಿ ಹೊರದೂಡುವುದಾದರೆ ಜನರು ಮರೆಮಾಚುವರು. ಮರೆಮಾಚಿದ ರೋಗವು ಹರಡುವುದು. ಯಾವುದನ್ನು ತಡೆಯಲು ಭಯವನ್ನು ಹುಟ್ಟಿಸಿದರೋ ಅದೇ ಬೆಳೆಯುವುದು. ಇಂಗ್ಲೆಂಡಿನಲ್ಲಿ ಕ್ಷಯದ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ವಾಸದ ಹಕ್ಕುಪತ್ರವಿರಲಿ ಇಲ್ಲದಿರಲಿ, ಯಾರಿಂದಲೂ ಹಣ ಪಡೆಯದೆ ನಡೆಸುತ್ತಾರೆ. ಇದು ದಯೆಯೂ ಹೌದು, ವಿವೇಕವೂ ಹೌದು. ಪರರ ಕ್ಷೇಮವೂ ಸ್ವಂತ ಕ್ಷೇಮವೂ ಇಲ್ಲಿ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ರೋಗಿಯನ್ನು ಮನೆಯಿಂದ ದೂರವಿರಿಸಿದಲ್ಲದೆ ಉಳಿದವರಿಗೆ ರಕ್ಷಣೆಯಿಲ್ಲವೆಂಬ ನಂಬಿಕೆಯನ್ನು ನಮ್ಮ ನೆರೆಯ ಮದರಾಸೇ ಪರೀಕ್ಷೆಗೆ ಒಡ್ಡಿತು. 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಅಲ್ಲಿಯ ಅಧ್ಯಯನದಲ್ಲಿ, ಬಡವರ ಮನೆಯಲ್ಲಿಯೇ ಮದ್ದು ಸೇವಿಸಿದವರು ಆರೋಗ್ಯಧಾಮದಲ್ಲಿದ್ದವರಿಗೆ ಸರಿಸುಮಾರಾಗಿಯೇ ಗುಣಹೊಂದಿದರು. ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಉಂಟಾಗಲಿಲ್ಲ. ಮದ್ದು ಸರಿಯಾಗಿ ಸಲ್ಲುವಲ್ಲಿ ಗಡೀಪಾರು ಬೇಕಿಲ್ಲ.

ಈ ವಿಚಾರವು ಪರರದೆಂದು ನಮ್ಮ ಗೃಹಸ್ಥರು ಬಗೆಯಲಾಗದು. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಭಾರತದವರು. ಇಂಗ್ಲೆಂಡಿನಲ್ಲಿ ಈ ರೋಗಕ್ಕೆ ಒಳಗಾಗುವ ಹೊರನಾಡಿಗರಲ್ಲಿಯೂ ಭಾರತದಲ್ಲಿ ಹುಟ್ಟಿದವರು ಬಹುಮಂದಿ. ಮಕ್ಕಳೊಡನೆ ಕಡಲಾಚೆ ನೆಲಸಿದ ಕನ್ನಡ ಕುಟುಂಬಗಳೂ ಹಲವಿವೆ. ಮುಂದೆ ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗದ ಹೆಸರನ್ನೇ ಆಡದ ಮನೆಗಳು ನಮ್ಮಲ್ಲಿಲ್ಲವೆ? ಮಗುವಿನಲ್ಲಿ ಸೋಂಕು ಕಂಡರೆ ಹಿರಿಯರು ಮೊದಲು ತಮ್ಮ ಎದೆಯನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಾಮಾನ್ಯವಾಗಿ 6 ತಿಂಗಳು ನಡೆಯುವ ಚಿಕಿತ್ಸೆಯನ್ನು, ಕೆಮ್ಮು ನಿಂತಿತೆಂದು ನಡುವೆ ಬಿಡಬಾರದು. ಬಿಟ್ಟರೆ ಮದ್ದಿಗೆ ಮಣಿಯದ ರೋಗವು ತಲೆಯೆತ್ತಬಹುದು.

ಸತ್ಯವನ್ನು ನುಡಿಯೆಂದು ದುರ್ಬಲನಿಗೆ ಬೋಧಿಸುವುದು ಸುಲಭ. ನುಡಿದವನಿಗೆ ಅಭಯವನ್ನು ಕೊಡುವುದು ಬಲ್ಲಿದನ ಪಾಲಿನ ಸತ್ಯ. ಆ ತಾಯಿಯು ಮುಚ್ಚಿಟ್ಟ ಕೆಮ್ಮಿನಲ್ಲಿ, ಆಕೆಯನ್ನು ಹೆದರಿಸಿದವರೆಲ್ಲರ ಪಾಲೂ ಇದೆ. ಅವರು ದೂರದ ಅಧಿಕಾರಿಗಳಾಗಿರಲಿ, ಪಕ್ಕದ ಮನೆಯ ಬಂಧುಗಳಾಗಿರಲಿ.