ಪ್ರಾಣದ ಹೊಸ್ತಿಲು

ಮಾಘಮಾಸದ ಚಳಿಯಲ್ಲಿ, ಬಚ್ಚಲ ಒಲೆಗೆ ಉರಿ ಹತ್ತುವ ಮೊದಲೇ ಎದ್ದು, ಹಿಂದಿನ ರಾತ್ರಿ ಕುದಿಸಿಟ್ಟ ನೀರನ್ನು ಉಗುರುಬೆಚ್ಚಗೆ ಮಾಡಿ, ಉಪ್ಪು ಬೆರೆಸಿ, ಪುಟ್ಟ ಗಿಂಡಿಯಲ್ಲಿ ತುಂಬಿಕೊಂಡು, ತಲೆಯನ್ನು ಪಕ್ಕಕ್ಕೆ ವಾಲಿಸಿ ಬಾಯಿಯಿಂದ ಉಸಿರಾಡುತ್ತ ನನ್ನ ತಾತನವರು ಜಲನೇತಿ ಮಾಡುವಾಗ, ಮೇಲಿನ ಹೊಳ್ಳೆಗೆ ಹೊಯ್ದ ನೀರು ಕೆಳಗಿನ ಹೊಳ್ಳೆಯಿಂದ ಬೆಳ್ಳಿಯ ಎಳೆಯಂತೆ ಇಳಿಯುವುದನ್ನು ನಾನು ಬೆರಗಿನಿಂದ ನೋಡುತ್ತಿದ್ದೆನು. ಅದು ಮುಗಿದ ಮೇಲೆಯೇ ಅವರು ಸಂಧ್ಯಾವಂದನೆಗೆ ಕುಳಿತುಕೊಳ್ಳುವರು. ಮೊದಲಿನದು ವೈದ್ಯಕ್ಕೆ ಸೇರಿದ್ದು, ಎರಡನೆಯದು ಮಾತ್ರ ಧರ್ಮಕ್ಕೆ ಸೇರಿದ್ದು ಎಂದು ಭಾಗಿಸಬಹುದೆ, ಅಥವಾ ಮೂಗನ್ನು ತೊಳೆಯುವುದೂ ಉಪಾಸನೆಯ ಅಂಗವೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ.

ಛಾಂದೋಗ್ಯೋಪನಿಷತ್ತಿನ ಆಖ್ಯಾನದಲ್ಲಿ ದೇವತೆಗಳು ಮೊದಲು ನಾಸಿಕದ ಪ್ರಾಣವನ್ನೇ ಉದ್ಗೀಥವೆಂದು ಉಪಾಸಿಸಿದರು. ಅಸುರರು ಅದನ್ನು ಪಾಪದಿಂದ ಭೇದಿಸಿದರು. ಆದುದರಿಂದಲೇ ಮನುಷ್ಯನ ಮೂಗು ಸುಗಂಧ ದುರ್ಗಂಧಗಳೆರಡನ್ನೂ ಗ್ರಹಿಸುತ್ತದೆ. ದೈವವೂ ಮಲವೂ ಒಂದೇ ಬಾಗಿಲಿನಲ್ಲಿ ಎದುರಾಗುವುದನ್ನು ಋಷಿಯು ಕಂಡಿದ್ದನು. ನಮಾಜಿಗೆ ಮುಂಚೆ ವಜೂ ಮಾಡುವ ನಮ್ಮ ಮುಸಲ್ಮಾನ ಬಂಧುಗಳೂ ಮೂರು ಸಲ ನೀರನ್ನು ಮೂಗಿಗೆ ಎಳೆದುಕೊಂಡು ಶುದ್ಧರಾಗುತ್ತಾರೆ. ದೇವರ ಮುಂದೆ ನಿಲ್ಲುವವನು ಉಸಿರಿನ ದಾರಿಯನ್ನು ತೊಳೆದು ಬರಬೇಕೆಂಬ ಭಾವನೆ ಒಂದೇ ಮತದ ಸ್ವತ್ತಲ್ಲ.

ಆದರೆ ಪತಂಜಲಿಯು ಐದು ನಿಯಮಗಳಲ್ಲಿ ಶೌಚವನ್ನು ಮೊದಲಿಟ್ಟು, ಅದರ ಫಲವಾಗಿ ಸ್ವಂತ ಅಂಗಗಳಲ್ಲಿಯೇ ಜುಗುಪ್ಸೆ ಹುಟ್ಟುವುದೆಂದು ಹೇಳುತ್ತಾನೆ. ಜುಗುಪ್ಸೆ ಹುಟ್ಟಬೇಕಾದ ದೇಹಕ್ಕೆ ಇಷ್ಟು ಆರೈಕೆ ಏತಕ್ಕೆ? ಇದು ತಳ್ಳಿಹಾಕುವ ಸಂಶಯವಲ್ಲ. ನೆಗಡಿಯಾದ ಕೂಸಿನ ಮೂಗನ್ನು ಸೆರಗಿನ ತುದಿಯಿಂದ ಒರೆಸುವ ತಾಯಿಯನ್ನು ನೋಡಿರಿ: ಆಕೆಗೆ ಸಿಂಬಳದ ಮೇಲೆ ಮೋಹವಿಲ್ಲ, ಕೂಸಿನ ಮೇಲೆ ಹೇಸಿಗೆಯಿಲ್ಲ, ಒರೆಸಿದ ಗಳಿಗೆಯಲ್ಲಿಯೇ ಮತ್ತೆ ಸುರಿಯುವುದೆಂದು ಬಲ್ಲಳು, ಆದರೂ ಒರೆಸುತ್ತಾಳೆ. ಪತಂಜಲಿಯ ಜುಗುಪ್ಸೆಯನ್ನು ನಾನು ಈ ನಿರ್ಮೋಹವೆಂದೇ ತಿಳಿಯುತ್ತೇನೆ.

ಶರೀರಶಾಸ್ತ್ರವು ತಿಳಿಸುವ ಒಂದು ಸಂಗತಿ ನನ್ನ ಭಕ್ತಿಯನ್ನು ಹೆಚ್ಚಿಸಿದೆ. ಮೂಗಿನ ಸುತ್ತಣ ಅಸ್ಥಿಗಳೊಳಗೆ ವೈದ್ಯರು ಸೈನಸ್ ಎನ್ನುವ ನಾಲ್ಕು ಜೊತೆ ವಾಯುಕುಹರಗಳಿವೆ. ಇವುಗಳಲ್ಲಿ ಕೆನ್ನೆಯೊಳಗಿನ ಕುಹರದ ದ್ವಾರವು ತಳದಲ್ಲಿಲ್ಲದೆ ಮೇಲ್ಭಾಗದಲ್ಲಿರುವುದರಿಂದ, ನಾವು ನೆಟ್ಟಗೆ ನಿಂತಿರುವಾಗ ಅಲ್ಲಿನ ಶ್ಲೇಷ್ಮವು ಮೇಲಕ್ಕೇರಿಯೇ ಹೊರಬರಬೇಕು. ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮರೋಮಗಳು, ನಾವು ನಿದ್ರಿಸುವಾಗಲೂ, ಅದನ್ನು ಎಡೆಬಿಡದೆ ಬಾಗಿಲ ಕಡೆಗೆ ಸಾಗಿಸುತ್ತಿರುತ್ತವೆ. ಆ ಬಾಗಿಲು ಬಾತು ಮುಚ್ಚಿದರೆ ತಲೆ ಭಾರವಾಗುತ್ತದೆ, ಪೀನಸವು ನೆಲೆಸುತ್ತದೆ. ಹಾಗಾದರೆ ಶುದ್ಧಿಯನ್ನು ಮಾಡುವವರು ನಾವಲ್ಲ. ನಾವು ಕೇಳದೆಯೇ ನಡೆಯುತ್ತಿರುವ ಶುದ್ಧಿಗೆ ಕೈಗೂಡಿಸುವವರು ಮಾತ್ರ. ಸಾಕಷ್ಟು ನೀರು ಕುಡಿಯುವುದು, ಹಾಸಿಗೆ ಹೊದಿಕೆಗಳ ಧೂಳನ್ನು ತೆಗೆಯುವುದು, ಆ ರೋಮಗಳನ್ನು ಕುಂದಿಸುವ ತಂಬಾಕಿನ ಹೊಗೆಯನ್ನು ಮನೆಗೆ ಸೇರಿಸದಿರುವುದು, ಇವೆಲ್ಲ ಆ ಸೇವೆಗೇ ಸಲ್ಲುತ್ತವೆ. ದೇವರ ಮನೆಯ ಧೂಪದ ಹೊಗೆಯಾದರೂ ಕೆರಳಿದ ಮೂಗಿಗೆ ಹಿತವಲ್ಲವೆಂದು ಹೇಳಲು ನಾನು ಅಂಜುವುದಿಲ್ಲ.

ಸೇವೆಯಲ್ಲಿ ಅತಿಯೂ ಸಲ್ಲದು. ಮೇದಸ್ಸು ಕಫಗಳು ಹೆಚ್ಚಿದವರು ಷಟ್ಕರ್ಮಗಳನ್ನು ಆಚರಿಸಲಿ, ಉಳಿದವರಿಗೆ ಅವು ಬೇಡವೆಂದು ಹಠಯೋಗಪ್ರದೀಪಿಕೆಯ ಸ್ವಾತ್ಮಾರಾಮನೇ ವಿಧಿಸಿದ್ದಾನೆ. ನೇತಿಯು ಆ ಆರರಲ್ಲಿ ಒಂದು. ಹೀಗೆ ಮಿತವರಿತು ತೊಳೆಯುವುದನ್ನು ಉಪಾಸನೆಯ ಅಂಗವೆಂದೇ ನಾನು ಎಣಿಸುತ್ತೇನೆ. ತಾತನವರು ಗಿಂಡಿಯನ್ನು ಬೋರಲಿಟ್ಟು ಪಂಚಪಾತ್ರೆಯನ್ನು ಕೈಗೆತ್ತಿಕೊಳ್ಳುವಾಗ ಅವರ ಮುಖದ ಶಾಂತಿಯಲ್ಲಿ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

ನೇತಿಯನ್ನು ಕೈಕೊಳ್ಳುವವರಲ್ಲಿ ನನ್ನ ವಿನಂತಿಯಿಷ್ಟೆ. ಲೀಟರು ನೀರಿಗೆ 9 ಗ್ರಾಂ ಉಪ್ಪು ಸಾಕು. ಕೊಳಾಯಿಯ ನೀರನ್ನು ಹಾಗೆಯೇ ಮೂಗಿಗೆ ಹೊಯ್ದುಕೊಂಡು, ಅದರಲ್ಲಿದ್ದ ಅಮೀಬಾ ಮಿದುಳನ್ನು ಸೇರಿ, 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಇಬ್ಬರು ತೀರಿಕೊಂಡರು. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಗಿಂಡಿಗೆ ತುಂಬಿರಿ.