ಗುರುಹಸ್ತವೂ ಬೆತ್ತವೂ

ವೀರಶೈವ ದೀಕ್ಷೆಯಲ್ಲಿ ಹಸ್ತಮಸ್ತಕಸಂಯೋಗವು ಮುಖ್ಯವಾದ ಕ್ರಿಯೆ. ಗುರುವು ಶಿಷ್ಯನ ಶಿರದ ಮೇಲೆ ಕರವನ್ನಿರಿಸಿ, ಅವನೊಳಗೆ ಮೊದಲೇ ಇರುವ ಚೈತನ್ಯವನ್ನು ಇಷ್ಟಲಿಂಗವಾಗಿ ಅವನ ಕರಸ್ಥಲಕ್ಕೆ ಕರುಣಿಸುತ್ತಾನೆ. ಈತನು ಬೇಗ ಓದಬಲ್ಲನೇ, ಅಲುಗಾಡದೆ ಕುಳಿತಿರಬಲ್ಲನೇ ಎಂದು ಆಗ ಪರೀಕ್ಷಿಸುವುದಿಲ್ಲ. ಆ ಹಸ್ತವು ಕೊಡುವುದಕ್ಕಾಗಿ ಇಳಿಯುವುದೇ ಹೊರತು ಹೊಡೆಯುವುದಕ್ಕಾಗಿ ಅಲ್ಲ.

ತುಮಕೂರಿಗೆ ಸಮೀಪದ ವಸಂತನರಸಾಪುರವು ಇಂದು ದೊಡ್ಡ ಕೈಗಾರಿಕಾ ಪ್ರದೇಶ. ೨೦೧೪ರಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ತಾಯಿತಂದೆಗಳು ಪಾಳಿಯ ಕೆಲಸಕ್ಕೆ ತೆರಳುವ ಇಂತಹ ಸ್ಥಳದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನು ಮಾತಿನಲ್ಲಿ ಚುರುಕು. ಆದರೆ ಅಕ್ಷರಕ್ಕೂ ಧ್ವನಿಗೂ ಇರುವ ನಂಟು ಅವನಿಗೆ ಸುಲಭವಾಗಿ ಹತ್ತದು. ಶಾಲೆಯಲ್ಲಿ ಅವನಿಗೆ ಸೋಮಾರಿಯೆಂಬ ಹೆಸರು, ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ನಾಚಿಕೆ ಕ್ರಮೇಣ ಹಟವಾಗುತ್ತದೆ, ಹಟವು ಉದ್ಧಟತನವೆನಿಸುತ್ತದೆ. ದೂರು ಕೇಳಿದ ತಂದೆಯೂ ಮನೆಯಲ್ಲಿ ಕೈಯೆತ್ತುತ್ತಾನೆ. ಒಂದೇ ನೋವಿಗೆ ಎರಡು ದಂಡನೆ!

ಹಾಗಾದರೆ ಶಿಸ್ತು ಬೇಡವೇ? ಬೇಕು. ಸದಾಚಾರವಿಲ್ಲದ ವಿದ್ಯೆಯನ್ನು ಶರಣರು ಒಪ್ಪಿದವರಲ್ಲ. ಉಳಿದ ಮಕ್ಕಳ ನೆಮ್ಮದಿಯನ್ನೂ ಕಾಯಬೇಕು. ಆದರೆ ಒಲ್ಲೆನೆಂಬುದು ಬೇರೆ, ಆಗದೆಂಬುದು ಬೇರೆ. ಕಿವಿ ಮಂದವಾದ ಬಾಲೆ ಓಗೊಡದಿದ್ದರೆ ಅದು ಅವಿಧೇಯತೆಯಲ್ಲ. ಕಾರಣವರಿಯದೆ ವಿಧಿಸಿದ ದಂಡನೆಯಿಂದ ಭಯ ಹುಟ್ಟೀತು, ಆಚಾರ ಹುಟ್ಟದು.

೧೮೯೨ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಅವರಲ್ಲಿ ಕುಂದನ್ನು ಕಾಣದೆ ಕಂಠವನ್ನು ಕಂಡರು. ಸಂಗೀತ ಕಲಿಯಲು ಆಶ್ರಯವಿತ್ತರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಎಷ್ಟೋ ಅಂಧ ಬಾಲಕರಿಗೆ ಗುರುಕುಲವಾಯಿತು. ಅಲ್ಲಿಯೇ ಬೆಳೆದ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ನಾಡಿಗೇ ಗುರುವಾದರು. ಅಂದು ಬೆತ್ತವೊಂದೇ ಉತ್ತರವಾಗಿದ್ದರೆ ಈ ಪರಂಪರೆ ಎಲ್ಲಿರುತ್ತಿತ್ತು?

ಇಂದು ಇದು ದಯೆಯ ಮಾತು ಮಾತ್ರವಲ್ಲ, ಹಕ್ಕಿನ ಮಾತು. ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮವು ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಾಥಮಿಕ ಶಿಕ್ಷಣವಾದ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ೨೧ ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಕಲಿಕೆಯ ನ್ಯೂನತೆಯೂ ಅವುಗಳಲ್ಲೊಂದು. ಅದನ್ನು ಬೇಗ ಗುರುತಿಸಿ ತಕ್ಕ ಬೋಧನಕ್ರಮವನ್ನು ಅನುಸರಿಸಬೇಕೆಂದು ಅದು ವಿಧಿಸುತ್ತದೆ.

ಆದುದರಿಂದ ದೂರು ಬಂದಾಗ ಗೃಹಸ್ಥನು ಮೊದಲು ಮಗುವನ್ನು ಬಳಿಗೆ ಕರೆದು ಕೇಳಲಿ. ಕಣ್ಣು, ಕಿವಿಗಳನ್ನು ವೈದ್ಯರಿಗೆ ತೋರಿಸಲಿ. ಮುಖ್ಯೋಪಾಧ್ಯಾಯರೊಡನೆ ವಿನಯದಿಂದ, ಆದರೆ ಅಂಜದೆ ಮಾತನಾಡಲಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ದೊರೆಯುವ ನೆರವನ್ನು ವಿಚಾರಿಸಲಿ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (೧೯೦೭–೨೦೧೯) ಅನ್ನದೊಡನೆ ಅಕ್ಷರವನ್ನೂ ದಾಸೋಹವೆಂದೇ ನಡೆಸಿದರು. ದಾಸೋಹದ ಪಂಕ್ತಿಯಲ್ಲಿ ಮೆಲ್ಲಗೆ ಉಣ್ಣುವವನನ್ನು ಯಾರೂ ಎಬ್ಬಿಸುವುದಿಲ್ಲ. ಅಕ್ಷರದ ಪಂಕ್ತಿಯಲ್ಲಿಯೂ ಎಬ್ಬಿಸದಿರುವುದೇ ಭಕ್ತನಿಗೆ ಧರ್ಮ.