ಯಾರ ಋಣ?

ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬಂದ ಅಗ್ಗದ ಪುಸ್ತಕಗಳು ನಮ್ಮ ಹಿರಿಯರಿಗೆ ಕನಸು ಕೊಟ್ಟವು. ಆ ಋಣ ದೊಡ್ಡದು. ಆದರೆ ಗೆಳೆಯರೇ, ಅದು ಇವತ್ತಿನ ರಷ್ಯಾದ ಬಗ್ಗೆ ನಮ್ಮ ಬಾಯಿ ಕಟ್ಟಬೇಕೆ?

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. 1992ರಲ್ಲಿ ಜನರ ಕೈಗೆ 10 ಸಾವಿರ ರೂಬಲ್ಲಿನ ಚೀಟಿ ಕೊಟ್ಟು, ಕಾರ್ಖಾನೆಗಳಲ್ಲಿ ನಿಮಗೂ ಪಾಲುಂಟು ಅಂದರು. ಬೆಲೆ ಏರಿತು, ಹಸಿದವರು ಚೀಟಿ ಮಾರಿಕೊಂಡರು. 1995ರಲ್ಲಿ ಸಾಲದ ನೆಪದಲ್ಲಿ ಎಣ್ಣೆ, ನಿಕ್ಕಲ್ ಕಂಪನಿಗಳು ಬೆರಳೆಣಿಕೆಯ ಧಣಿಗಳ ಪಾಲಾದವು. ಪುಟಿನ್ ಬಂದಮೇಲೆ ಧಣಿಗಳು ಗದ್ದುಗೆಗೆ ಬಾಗಿದರು. ಕಾರ್ಖಾನೆ ಮಾತ್ರ ದುಡಿದವರ ಕೈಗೆ ಬರಲಿಲ್ಲ.

2022ರ ಫೆಬ್ರವರಿ 24ರಂದು ಆ ದಂಡು ಉಕ್ರೇನಿಗೆ ನುಗ್ಗಿತು. ಸೆಪ್ಟೆಂಬರಿನಲ್ಲಿ 3 ಲಕ್ಷ ಮಂದಿಯನ್ನು ಸೈನ್ಯಕ್ಕೆ ಕರೆದಾಗ ಬುರ್ಯಾತಿಯಾ, ತುವಾದಂಥ ಬಡ ಸೀಮೆಗಳ ಮೇಲೆ ಭಾರ ಹೆಚ್ಚು ಬಿತ್ತು. ದಾಗೆಸ್ತಾನದಲ್ಲಿ ಹೆಂಗಸರು ಬೀದಿಗಿಳಿದು ಪೊಲೀಸರಿಗೆ ಎದುರಾದರು. ಯುದ್ಧ ಬೇಡ ಅಂದವರಿಗೆ ದಂಡ, ಜೈಲು.

ಅಮೆರಿಕ ಇರಾಕಿನಲ್ಲಿ ಮಾಡಿದ್ದು ಕಮ್ಮಿಯೇ ಅಂತ ಕೆಲವರು ಕೇಳ್ತಾರೆ. ಕಮ್ಮಿಯಲ್ಲ. ಆದರೆ ಒಬ್ಬ ಧಣಿಯ ಬಾರುಕೋಲು ತೋರಿಸಿ ಇನ್ನೊಬ್ಬನದನ್ನು ಹೂವು ಅನ್ನೋದು ನ್ಯಾಯವಲ್ಲ. ಆ ಒಕ್ಕೂಟವನ್ನು ಕಟ್ಟಿದವರಲ್ಲಿ ಉಕ್ರೇನಿನ ರೈತನೂ ಇದ್ದ, ಬುರ್ಯಾತಿಯಾದ ಕುರಿಗಾಹಿಯೂ ಇದ್ದ. ನಮ್ಮ ಋಣ ಇರೋದು ಅವರಿಗೆ, ಅರಮನೆಗಲ್ಲ. ಅವರ ಮಕ್ಕಳನ್ನು ಒಬ್ಬರ ಮೇಲೊಬ್ಬರನ್ನು ಛೂ ಬಿಟ್ಟವರ ಮುಂದೆ ನಾವು ಸುಮ್ಮನಿದ್ದರೆ, ಅದು ಋಣ ತೀರಿಸಿದಂತಲ್ಲ, ಋಣ ನುಂಗಿದಂತೆ.